ವಿಎ ಡಿಸೆಬಿಲಿಟಿ ಕ್ಲೇಮ್‌ಗೆ ವೈದ್ಯಕೀಯ ದಾಖಲೆ ಹೊಂದಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಅಮೆರಿಕದ ಸೇನೆಯಲ್ಲಿ ದುಡಿದು ಬಂದವರೊಬ್ಬರು ಮಂಡಿನೋವಿಗೆ ಡಿಸೆಬಿಲಿಟಿ ಕ್ಲೇಮ್, ಅಂದರೆ ಸೇವೆಯಿಂದ ಬಂದ ದೈಹಿಕ ಅಥವಾ ಮಾನಸಿಕ ತೊಂದರೆಗೆ ಪರಿಹಾರ ಕೇಳುವ ಅರ್ಜಿ, ಹಾಕುತ್ತಾರೆ ಅಂದುಕೊಳ್ಳಿ. ಈಗ ತೋರಿಸಿಕೊಳ್ಳುತ್ತಿರುವ ಆಸ್ಪತ್ರೆಗೆ ಹೋಗಿ ನಾನೂರು ಪುಟ ತರುತ್ತಾರೆ. ಎಂಆರ್‌ಐ ಇದೆ, ಆಪರೇಷನ್ ವರದಿ ಇದೆ, ಫಿಸಿಯೋಥೆರಪಿಗೆ ಹೋದ ದಿನಗಳ ಪಟ್ಟಿಯೂ ಇದೆ. ಕೆಲವು ತಿಂಗಳಾದ ಮೇಲೆ ವಿಎಯಿಂದ, ಅಂದರೆ ಮಾಜಿ ಸೈನಿಕರ ಇಲಾಖೆಯಿಂದ, ಪತ್ರ ಬರುತ್ತದೆ. ಸೇವೆಯಲ್ಲಿದ್ದಾಗ ಮಂಡಿಗೆ ಪೆಟ್ಟಾಗಿತ್ತು ಅನ್ನುವುದಕ್ಕೆ ದಾಖಲೆ ಇಲ್ಲ, ಕ್ಲೇಮ್ ತಿರಸ್ಕೃತ.

ಮಂಡಿ ಹಾಳಾಗಿದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಕ್ಲೇಮ್ ಉತ್ತರಿಸಬೇಕಾದದ್ದು ಮೂರು ಪ್ರಶ್ನೆ (ಹಂತ 2 ನೋಡಿ), ಆ ನಾನೂರು ಪುಟವೂ ಒಂದೇ ಪ್ರಶ್ನೆಗೆ ಉತ್ತರ. ಉಳಿದ ಎರಡು ಪ್ರಶ್ನೆಗಳಿಗೆ ಒಂದು ಹಾಳೆಯೂ ಇರಲಿಲ್ಲ. ಬಹಳ ಜನ ಎಡವುವುದು ಇಲ್ಲೇ. ಸುಲಭವಾಗಿ ಸಿಗುವ ಕಾಗದವನ್ನು ಮೊದಲು ತರುತ್ತಾರೆ, ನಿಧಾನವಾಗಿ ಬರುವ ಕಾಗದವನ್ನು ಕೊನೆಗೆ ಕೇಳುತ್ತಾರೆ, ಅಥವಾ ಕೇಳುವುದೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

ಶುರು ಮಾಡುವ ಮುನ್ನ ಕೈಗೆ ಸಿಗುವಂತಿರಲಿ

ನಿಮ್ಮ ಡಿಡಿ 214, ಅಂದರೆ ಬಿಡುಗಡೆ ಪತ್ರ. ವಿಎ ವೆಬ್‌ಸೈಟಿಗೆ ಲಾಗಿನ್ ಆಗಲು ಲಾಗಿನ್ ಡಾಟ್ ಗವ್ ಅಥವಾ ಐಡಿ ಡಾಟ್ ಮಿ ಖಾತೆ, ಗುರುತು ಪರಿಶೀಲನೆ ಮುಗಿದಿರಬೇಕು. ಒಂದು ಸ್ಕ್ಯಾನರ್, ಇಲ್ಲವೇ ಫೋನಿನ ಸ್ಕ್ಯಾನಿಂಗ್ ಆ್ಯಪ್. ಒಂದು ನೋಟ್‌ಬುಕ್. ಸೇವೆ ಮಾಡಿದ ನೆಲೆಗಳು, ಅಲ್ಲಿದ್ದ ತಿಂಗಳು ಮತ್ತು ವರ್ಷ, ಅಡ್ಮಿಟ್ ಆಗಿದ್ದ ಆಸ್ಪತ್ರೆಗಳ ಹೆಸರು ಇವನ್ನೆಲ್ಲ ನೆನಪಿದ್ದಷ್ಟು ಆ ನೋಟ್‌ಬುಕ್‌ನಲ್ಲಿ ಮೊದಲೇ ಬರೆದಿಡಿ. ಮುಂದೆ ತುಂಬುವ ಪ್ರತಿ ಫಾರ್ಮ್ ಇದನ್ನೇ ಕೇಳುತ್ತದೆ. ಯಾರಿಗೆ ಯಾವ ದಿನ ಏನು ಕೇಳಿದಿರಿ ಅನ್ನುವುದನ್ನೂ ಅಲ್ಲೇ ಬರೆಯುತ್ತಾ ಹೋಗಿ.

ಹಂತ 1: ತಾರೀಖು ಹಿಡಿದಿಡಿ

ದಾಖಲೆ ಕೂಡಿಸಲು ತಿಂಗಳುಗಟ್ಟಲೆ ಬೇಕು. ಎಲ್ಲ ಸೇರಿದ ಮೇಲೆ ಅರ್ಜಿ ಹಾಕೋಣ ಅಂತ ಕೂತರೆ ಅಷ್ಟು ತಿಂಗಳ ಹಣ ಹೋದಂತೆ. ಅದಕ್ಕೇ ಮೊದಲು ‘ಇಂಟೆಂಟ್ ಟು ಫೈಲ್’ ಸಲ್ಲಿಸಿ. ಫಾರ್ಮ್ 21-0966. ‘ನಾನು ಕ್ಲೇಮ್ ಹಾಕುವವನಿದ್ದೇನೆ’ ಅಂತ ತಿಳಿಸುವುದಷ್ಟೇ ಇದರ ಕೆಲಸ, ದಾಖಲೆ ಏನೂ ಬೇಡ. ಅಲ್ಲಿಂದ ಒಂದು ವರ್ಷದೊಳಗೆ ಪೂರ್ತಿ ಅರ್ಜಿ, ಅಂದರೆ ಫಾರ್ಮ್ 21-526ಇಝಡ್, ಕೊಟ್ಟು ಕ್ಲೇಮ್ ಮಂಜೂರಾದರೆ, ಪರಿಹಾರದ ಲೆಕ್ಕವನ್ನು ಆ ಹಿಂದಿನ ತಾರೀಖಿನಿಂದ ಹಿಡಿಯಬಹುದು.

ವೆಬ್‌ಸೈಟಿನಲ್ಲಿ ಲಾಗಿನ್ ಆಗಿ 526ಇಝಡ್ ತುಂಬಲು ಶುರು ಮಾಡಿದರೂ ಈ ತಾರೀಖು ತಾನಾಗಿಯೇ ದಾಖಲಾಗುತ್ತದೆ. ಆದರೂ ಖಚಿತ ಸಂದೇಶವನ್ನು ಉಳಿಸಿಟ್ಟುಕೊಳ್ಳಿ. ಒಂದು ವರ್ಷ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ದಾಟಿದರೆ ಹಿಡಿದಿಟ್ಟ ತಾರೀಖು ಕೈಬಿಟ್ಟಂತೆ.

ಇನ್ನೂ ಸೇವೆಯಲ್ಲಿದ್ದು, ಬಿಡುಗಡೆಗೆ 180ರಿಂದ 90 ದಿನ ಉಳಿದಿದೆಯೇ? ಹಾಗಿದ್ದರೆ ‘ಬೆನಿಫಿಟ್ಸ್ ಡೆಲಿವರಿ ಅಟ್ ಡಿಸ್ಚಾರ್ಜ್’ ಅನ್ನುವ ದಾರಿ ನಿಮಗಿದೆ. ದಾಖಲೆ ಕೈಯಲ್ಲಿರುವಾಗಲೇ ಕ್ಲೇಮ್ ಹಾಕಬಹುದು. ಇದಕ್ಕಿಂತ ಒಳ್ಳೆಯ ಸಮಯ ಮುಂದೆ ಬರುವುದಿಲ್ಲ.

ಹಂತ 2: ಪ್ರತಿ ತೊಂದರೆಗೂ ಮೂರು ಪ್ರಶ್ನೆ

ಈಗ ನೋಟ್‌ಬುಕ್ ತೆಗೆಯಿರಿ. ಕ್ಲೇಮ್ ಮಾಡಬೇಕೆಂದಿರುವ ಒಂದೊಂದು ತೊಂದರೆಗೂ ಒಂದೊಂದು ಪುಟ. ಪುಟದಲ್ಲಿ ಮೂರು ಸಾಲು.

ಒಂದು, ಈಗ ಈ ಕಾಯಿಲೆ ಇದೆ ಎಂದು ವೈದ್ಯರು ಬರೆದಿದ್ದಾರೆಯೇ? ‘ಬೆನ್ನು ನೋವು’ ಅಂತ ನೀವು ಹೇಳಿದ್ದು ಸಾಲದು, ರೋಗದ ಹೆಸರು ಬೇಕು. ಎರಡು, ಸೇವೆಯಲ್ಲಿದ್ದಾಗ ಏನಾಯಿತು? ಬಿದ್ದದ್ದು, ಗಾಯವಾದದ್ದು, ಗುಂಡಿನ ಸದ್ದಿನ ನಡುವೆ ಕೆಲಸ ಮಾಡಿದ್ದು, ಯಾವುದೇ ಆಗಲಿ. ಮೂರು, ಅದಕ್ಕೂ ಇದಕ್ಕೂ ನಂಟಿದೆ ಎಂದು ವೈದ್ಯಕೀಯ ಕಾರಣದೊಂದಿಗೆ ಯಾರು ಹೇಳುತ್ತಾರೆ? ಈ ಮೂರನೆಯದನ್ನೇ ‘ನೆಕ್ಸಸ್’ ಅನ್ನುತ್ತಾರೆ.

ಪ್ರತಿ ಸಾಲಿನ ಮುಂದೆ ಉತ್ತರ ಕೊಡುವ ಕಾಗದದ ಹೆಸರು ಬರೆಯಿರಿ. ಇಲ್ಲದಿದ್ದರೆ ಖಾಲಿ ಬಿಡಿ. ನೀವು ಹುಡುಕಬೇಕಾದದ್ದು ಆ ಖಾಲಿ ಜಾಗಗಳನ್ನು ಮಾತ್ರ. ಸುಮ್ನೆ ಎಲ್ಲ ಆಸ್ಪತ್ರೆಗೂ ‘ನನ್ನ ಎಲ್ಲ ದಾಖಲೆ ಕೊಡಿ’ ಅಂತ ಬರೆದು ಕೂತರೆ ಕಾಗದ ಬೆಳೆಯುತ್ತದೆ, ಖಾಲಿ ಜಾಗ ಹಾಗೇ ಇರುತ್ತದೆ.

ಕೆಲವರಿಗೆ ಮೂರನೇ ಸಾಲೇ ಬೇಕಾಗುವುದಿಲ್ಲ. ವಿಯೆಟ್ನಾಂನಲ್ಲಿ 1962ರ ಜನವರಿ 9ರಿಂದ 1975ರ ಮೇ 7ರೊಳಗೆ ಸೇವೆ ಮಾಡಿ, ಈಗ ಟೈಪ್ 2 ಸಕ್ಕರೆ ಕಾಯಿಲೆ ಇದ್ದರೆ, ಅದು ಏಜೆಂಟ್ ಆರೆಂಜ್ (ಆ ಯುದ್ಧದಲ್ಲಿ ಸಿಂಪಡಿಸಿದ ಕಳೆನಾಶಕ) ಕಾರಣದಿಂದ ಬಂದದ್ದು ಎಂದೇ ಕಾನೂನು ಊಹಿಸಿಕೊಳ್ಳುತ್ತದೆ. 2022ರ ಆಗಸ್ಟ್ 10ರಂದು ಸಹಿಯಾದ ಪ್ಯಾಕ್ಟ್ ಕಾಯ್ದೆ ಆ ಪಟ್ಟಿಗೆ ರಕ್ತದೊತ್ತಡವನ್ನು ಸೇರಿಸಿತು. ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೂ ಹಲವು ಶ್ವಾಸಕೋಶದ ಕಾಯಿಲೆ ಮತ್ತು ಕ್ಯಾನ್ಸರ್‌ಗಳನ್ನು ಸೇರಿಸಿತು. ಇಂಥ ಕ್ಲೇಮ್‌ನಲ್ಲಿ ನೀವು ತೋರಿಸಬೇಕಾದದ್ದು ರೋಗ ಮತ್ತು ನೀವು ಆ ಜಾಗದಲ್ಲಿ ಇದ್ದಿರಿ ಅನ್ನುವುದು. ಅಂದರೆ ಆಸ್ಪತ್ರೆ ಕಾಗದಕ್ಕಿಂತ ಡಿಡಿ 214 ಮತ್ತು ನಿಯೋಜನೆಯ ಆದೇಶಗಳ ತೂಕವೇ ಜಾಸ್ತಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಸಂಧಿವಾತ, ರಕ್ತದೊತ್ತಡದಂಥ ದೀರ್ಘಕಾಲದ ಕಾಯಿಲೆ ಬಿಡುಗಡೆಯಾದ ಒಂದು ವರ್ಷದೊಳಗೆ, ವಿಎ ತೊಂದರೆಯ ತೀವ್ರತೆ ಅಳೆಯುವ ಲೆಕ್ಕದಲ್ಲಿ ಕನಿಷ್ಠ ಶೇ. 10ರ ಮಟ್ಟಕ್ಕೆ, ಕಾಣಿಸಿಕೊಂಡಿದ್ದರೆ ಅದನ್ನೂ ಸೇವೆಯಿಂದ ಬಂದದ್ದೆಂದೇ ಊಹಿಸುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಈ ಅವಧಿ 7 ವರ್ಷ. ಹಾಗಾಗಿ ಬಿಡುಗಡೆಯ ನಂತರದ ಮೊದಲ ವರ್ಷ ಯಾವ ಕ್ಲಿನಿಕ್‌ಗೆ ಹೋಗಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಆ ಚೀಟಿಗಳು ಇವತ್ತಿನ ಎಂಆರ್‌ಐಗಿಂತ ಹೆಚ್ಚು ಕೆಲಸಕ್ಕೆ ಬರಬಹುದು.

ಹಂತ 3: ಸೇನೆಯ ದಾಖಲೆಯನ್ನು ಮೊದಲು ಕೇಳಿ

ಇದೇ ಅತಿ ನಿಧಾನದ ಕೆಲಸ. ಅದಕ್ಕೇ ಇದು ಮೊದಲು.

ಸೇವೆಯಲ್ಲಿದ್ದಾಗಿನ ಹೊರರೋಗಿ ದಾಖಲೆ, ದಂತ ದಾಖಲೆ, ತಪಾಸಣಾ ವರದಿ ಇವೆಲ್ಲ ಸೇರಿ ‘ಸರ್ವಿಸ್ ಟ್ರೀಟ್‌ಮೆಂಟ್ ರೆಕಾರ್ಡ್ಸ್’. ಅದು ಎಲ್ಲಿದೆ ಅನ್ನುವುದು ನೀವು ಯಾವ ಪಡೆಯಿಂದ ಯಾವಾಗ ಹೊರಬಂದಿರಿ ಎಂಬುದರ ಮೇಲೆ ನಿಂತಿದೆ. ಭೂಸೇನೆಯಿಂದ 1992ರ ಅಕ್ಟೋಬರ್ 16ಕ್ಕೆ ಮೊದಲು ಬಂದಿದ್ದರೆ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ ಇರುತ್ತದೆ. ಆ ದಿನದ ನಂತರ ಬಂದವರ ಫೈಲ್ ವಿಎಗೆ ಹೋಗಿದೆ. ನೌಕಾಪಡೆಗೆ ಈ ಗೆರೆ 1994ರ ಜನವರಿ 31, ವಾಯುಪಡೆ ಮತ್ತು ಮರೀನ್ಸ್‌ಗೆ 1994ರ ಮೇ 1. 2014ರಿಂದ ಈಚೆಗೆ ಎಲ್ಲವೂ ಎಲೆಕ್ಟ್ರಾನಿಕ್. ವಿಎಯಲ್ಲಿರುವ ಫೈಲನ್ನು ಸೇಂಟ್ ಲೂಯಿಸ್‌ಗೆ ಕೇಳಿ ತಿಂಗಳುಗಟ್ಟಲೆ ಕಾಯುವವರು ಬಹಳ.

ಸೇಂಟ್ ಲೂಯಿಸ್‌ಗೆ ಕೇಳುವುದಾದರೆ ಎಸ್‌ಎಫ್ 180 ಫಾರ್ಮ್ ಬಳಸಿ, ಅಥವಾ ಅವರ ಇ-ವೆಟ್‌ರೆಕ್ಸ್ ತಾಣದಲ್ಲಿ ಕೋರಿಕೆ ಹಾಕಿ. ಫಾರ್ಮಿನ ಕೊನೆಯಲ್ಲಿ ಯಾವ ಪಡೆಯವರು ಯಾವ ವಿಳಾಸಕ್ಕೆ ಕಳಿಸಬೇಕೆಂಬ ಕೋಷ್ಟಕ ಇದೆ, ಅದನ್ನು ನೋಡದೆ ಅಂಚೆಗೆ ಹಾಕಬೇಡಿ. ಸಹಿ ಮತ್ತು ತಾರೀಖು ಮರೆಯಬೇಡಿ.

ಈಗ ಬಹಳ ಜನ ತಪ್ಪಿಸಿಕೊಳ್ಳುವ ಮಾತು. ಸೇನಾ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರೆ ಆ ಒಳರೋಗಿ ದಾಖಲೆ ನಿಮ್ಮ ಫೈಲಿನಲ್ಲಿ ಇರುವುದೇ ಇಲ್ಲ. ಅದನ್ನು ಆಸ್ಪತ್ರೆಯ ಹೆಸರು ಮತ್ತು ವರ್ಷದ ಪ್ರಕಾರ ಬೇರೆ ಇಟ್ಟಿರುತ್ತಾರೆ. ನೀವು ಹೆಸರು, ತಿಂಗಳು, ವರ್ಷ ಬರೆದು ಬೇರೆಯಾಗಿ ಕೇಳಬೇಕು. ಕೇಳದಿದ್ದರೆ ಯಾರೂ ಹುಡುಕುವುದಿಲ್ಲ. ಫೈಲ್ ಬಂತು, ಆದರೆ ಆಪರೇಷನ್‌ದೇ ಸುಳಿವಿಲ್ಲ ಅನ್ನುವವರ ಕತೆ ಸಾಮಾನ್ಯವಾಗಿ ಇದೇ. ಮಾನಸಿಕ ಆರೋಗ್ಯದ ಚಿಕಿತ್ಸೆಯ ದಾಖಲೆಯೂ ಹೀಗೇ ಬೇರೆ ಕಡೆ ಇರಬಹುದು. ಅದನ್ನೂ ಹೆಸರು ಹೇಳಿಯೇ ಕೇಳಿ.

ಫೈಲ್ ಕೈಗೆ ಬಂದಾಗ ಮೂರು ಕಾಗದ ಮೊದಲು ಹುಡುಕಿ: ಸೇರುವಾಗಿನ ತಪಾಸಣೆ, ಹೊರಬರುವಾಗಿನ ತಪಾಸಣೆ, ಮತ್ತು ಎಸ್‌ಎಫ್ 600 ಅನ್ನುವ ದಿನದಿನದ ಚಿಕಿತ್ಸೆಯ ಹಾಳೆಗಳು. ಸೇರುವಾಗ ಮಂಡಿ ಸರಿಯಿತ್ತು ಅಂತ ವೈದ್ಯರು ಬರೆದಿದ್ದರೆ ಅದು ನಿಮ್ಮ ಪರವಾದ ಸಾಕ್ಷಿ. ಎಸ್‌ಎಫ್ 600ರಲ್ಲಿ ಕೈಬರಹದ ಒಂದೇ ಸಾಲು, ‘ಲಾರಿಯಿಂದ ಹಾರಿದಾಗ ಬಲ ಮಂಡಿ ತಿರುಚಿದೆ, ಎರಡು ದಿನ ವಿಶ್ರಾಂತಿ’, ಇಡೀ ಕ್ಲೇಮನ್ನು ಎತ್ತಿ ನಿಲ್ಲಿಸಬಹುದು. ಕೈಬರಹ ಕೆಟ್ಟದಾಗಿರುತ್ತದೆ, ತಾಳ್ಮೆ ಬೇಕು. ಭೂತಗನ್ನಡಿ ಹಿಡಿದು ಓದಿದರೂ ತಪ್ಪಿಲ್ಲ.

ಫೈಲ್ ಸುಟ್ಟುಹೋಗಿದ್ದರೆ

1973ರ ಜುಲೈ 12ರಂದು ಸೇಂಟ್ ಲೂಯಿಸ್ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಫೈಲ್ ಹೋದವು. 1912ರ ನವೆಂಬರ್ 1ರಿಂದ 1960ರ ಜನವರಿ 1ರೊಳಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಯಲ್ಲಿ ಸುಮಾರು ಶೇ. 80 ಹಾಳಾಯಿತು. 1947ರ ಸೆಪ್ಟೆಂಬರ್ 25ರಿಂದ 1964ರ ಜನವರಿ 1ರೊಳಗೆ ವಾಯುಪಡೆಯಿಂದ ಬಂದವರದ್ದು, ವರ್ಣಮಾಲೆಯಲ್ಲಿ ಹಬರ್ಡ್ ಹೆಸರಿನ ನಂತರ ಬರುವವರ ಫೈಲ್‌ಗಳಲ್ಲಿ, ಸುಮಾರು ಶೇ. 75.

‘ದಾಖಲೆ ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಎನ್‌ಎ 13055 ಫಾರ್ಮ್ ತುಂಬಿ. ತುಕಡಿಯ ಹೆಸರು, ಚಿಕಿತ್ಸೆ ಪಡೆದ ಜಾಗ, ತಿಂಗಳು, ವರ್ಷ ಕೊಟ್ಟರೆ ತುಕಡಿಯ ಬೆಳಗಿನ ವರದಿ, ಸಿಕ್ ರಿಪೋರ್ಟ್‌ಗಳಂಥ ಬೇರೆ ಮೂಲಗಳಲ್ಲಿ ಹುಡುಕುತ್ತಾರೆ. 1942–45 ಮತ್ತು 1950–54ರ ನಡುವೆ ಆಸ್ಪತ್ರೆ ಸೇರಿದ್ದರೆ ಸರ್ಜನ್ ಜನರಲ್ ಕಚೇರಿಯ ದಾಖಲೆಯ ಸಾರಾಂಶ ಸಿಗುವ ಸಾಧ್ಯತೆ ಇದೆ. ಅಪ್ಪನಿಗೋ ತಾತನಿಗೋ ಈ ಕೆಲಸ ಮಾಡುತ್ತಿದ್ದರೆ ಅವರ ಹಳೆಯ ಪತ್ರಗಳ ಡಬ್ಬಿ ತೆಗೆದು ನೋಡಿ. ಲಕೋಟೆಯ ಮೇಲಿನ ಅಂಚೆ ಮುದ್ರೆಯಿಂದಲೇ ತಿಂಗಳು ಗೊತ್ತಾಗಬಹುದು.

ನ್ಯಾಷನಲ್ ಗಾರ್ಡ್, ರಿಸರ್ವ್‌ನವರಿಗೆ ಒಂದು ಮಾತು: ನಿಮ್ಮ ಕಾಗದ ಹಳೆಯ ತುಕಡಿಯಲ್ಲೋ ರಾಜ್ಯದ ಅಡ್ಜುಟೆಂಟ್ ಜನರಲ್ ಕಚೇರಿಯಲ್ಲೋ ಉಳಿದಿರಬಹುದು. ಗಾಯವಾದ ದಿನ ನೀವು ಕರ್ತವ್ಯದಲ್ಲಿದ್ದಿರಿ ಅನ್ನುವ ಆದೇಶ ಮತ್ತು ಗಾಯ ಕರ್ತವ್ಯದ ವೇಳೆಯೇ ಆಯಿತೇ ಎಂದು ಹೇಳುವ ‘ಲೈನ್ ಆಫ್ ಡ್ಯೂಟಿ’ ವರದಿ ಎರಡನ್ನೂ ಜೊತೆಗೇ ಕೇಳಿ.

ಹಂತ 4: ವಿಎ ಹತ್ತಿರ ಈಗಾಗಲೇ ಏನಿದೆ ನೋಡಿ

ಹಿಂದೆ ಒಮ್ಮೆ ಕ್ಲೇಮ್ ಹಾಕಿದ್ದರೆ ನಿಮ್ಮ ಹೆಸರಲ್ಲಿ ಸಿ-ಫೈಲ್, ಅಂದರೆ ಕ್ಲೇಮ್ ಫೈಲ್, ಇದೆ. ಫಾರ್ಮ್ 20-10206 ಕಳಿಸಿ ಅದರ ಪ್ರತಿ ಕೇಳಿ. ಹಿಂದೆ ಯಾವ ಕಾಗದ ತಲುಪಿತ್ತು, ಯಾವುದು ತಲುಪಿರಲಿಲ್ಲ, ತಪಾಸಣೆ ಮಾಡಿದ ವೈದ್ಯರು ಏನು ಬರೆದರು, ಎಲ್ಲವೂ ಅಲ್ಲಿರುತ್ತದೆ. ತಿರಸ್ಕಾರ ಕಂಡವರು ಮತ್ತೆ ಶುರು ಮಾಡುವ ಮುನ್ನ ಇದನ್ನು ಓದಲೇಬೇಕು.

ವಿಎ ಆಸ್ಪತ್ರೆಯ ದಾಖಲೆಯನ್ನು ವಿಎಯೇ ತರಿಸಿಕೊಳ್ಳುತ್ತದೆ. ಆದರೆ ಯಾವ ಆಸ್ಪತ್ರೆ, ಯಾವ ವರ್ಷದಿಂದ ಅಂತ ಅರ್ಜಿಯಲ್ಲಿ ನೀವು ಬರೆದಿರಬೇಕು. ಸೋಷಿಯಲ್ ಸೆಕ್ಯುರಿಟಿಯಿಂದ ಡಿಸೆಬಿಲಿಟಿ ಪಡೆಯುತ್ತಿದ್ದರೆ ಅದನ್ನೂ ತಿಳಿಸಿ, ಆ ಫೈಲೂ ಬರುತ್ತದೆ. ವೆಟ್ ಸೆಂಟರ್, ಅಂದರೆ ಮಾಜಿ ಸೈನಿಕರ ಆಪ್ತಸಲಹಾ ಕೇಂದ್ರದ, ಕೌನ್ಸೆಲಿಂಗ್ ದಾಖಲೆ ಮಾತ್ರ ಹಾಗಲ್ಲ. ಅದು ಗುಟ್ಟಾಗಿ ಬೇರೆ ಇರುತ್ತದೆ, ನಿಮ್ಮ ಸಹಿ ಇಲ್ಲದೆ ಯಾರಿಗೂ ಹೋಗುವುದಿಲ್ಲ.

ಹಂತ 5: ಖಾಸಗಿ ವೈದ್ಯರ ದಾಖಲೆ

ಇಲ್ಲಿ ಎರಡು ದಾರಿ. ಫಾರ್ಮ್ 21-4142 ಮತ್ತು 21-4142ಎ ತುಂಬಿ ವಿಎಗೇ ತರಿಸಿಕೊಳ್ಳಲು ಬಿಡುವುದು ಒಂದು. ನೀವೇ ತಂದು ಕೊಡುವುದು ಇನ್ನೊಂದು. ನನ್ನನ್ನು ಕೇಳಿದರೆ ಕೈಲಾದವರು ನೀವೇ ತನ್ನಿ. ವಿಎ ಒಮ್ಮೆ ಪತ್ರ ಬರೆಯುತ್ತದೆ, ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯುತ್ತದೆ. ಅಷ್ಟು ಮಾಡಿದರೆ ಅದರ ಕರ್ತವ್ಯ ಮುಗಿಯಿತು ಎಂದು ಸಾಮಾನ್ಯವಾಗಿ ಲೆಕ್ಕ. ಚಿಕ್ಕ ಕ್ಲಿನಿಕ್‌ನಲ್ಲಿ ಆ ಪತ್ರ ಯಾರ ಮೇಜಿನ ಮೇಲೆ ಕೂತಿದೆಯೋ ಯಾರಿಗೆ ಗೊತ್ತು. ಬೇಗ ಮುಗಿಯುವ ‘ಫುಲ್ಲಿ ಡೆವಲಪ್ಡ್ ಕ್ಲೇಮ್’ ದಾರಿ ಹಿಡಿಯಬೇಕೆಂದರೂ ಖಾಸಗಿ ದಾಖಲೆ ಅರ್ಜಿಯ ಜೊತೆಗೇ ಇರಬೇಕು. ಒಂದೇ ಆಸ್ಪತ್ರೆಗೆ ಎರಡೂ ದಾರಿ ಒಟ್ಟಿಗೆ ಹಿಡಿಯಬೇಡಿ. ನೀವು ಆಗಲೇ ಕೊಟ್ಟಿರುವ ಕಾಗದಕ್ಕಾಗಿ ವಿಎ ಮತ್ತೆ ಕಾಯುತ್ತಾ ಕೂರುತ್ತದೆ.

ಹಿಪಾ, ಅಂದರೆ ವೈದ್ಯಕೀಯ ಮಾಹಿತಿಯ ಗೋಪ್ಯತೆಯ ಕಾನೂನಿನ ಪ್ರಕಾರ, ನೀವು ಕೇಳಿದ ದಾಖಲೆಯನ್ನು ಆಸ್ಪತ್ರೆ 30 ದಿನದೊಳಗೆ ಕೊಡಬೇಕು. ಆಗದಿದ್ದರೆ ಕಾರಣವನ್ನು ಬರೆದು ತಿಳಿಸಿ ಇನ್ನೂ 30 ದಿನ, ಒಮ್ಮೆ ಮಾತ್ರ, ತೆಗೆದುಕೊಳ್ಳಬಹುದು. ಪ್ರತಿ ತೆಗೆಯುವ ವೆಚ್ಚಕ್ಕೆ ತಕ್ಕಷ್ಟು ಮಾತ್ರ ಶುಲ್ಕ ಕೇಳಬಹುದು. ಚಿಕಿತ್ಸಕರು ಬೇರೆಯಾಗಿ ಇಟ್ಟುಕೊಂಡ ಸೈಕೋಥೆರಪಿ ಟಿಪ್ಪಣಿಗೆ ಈ ಹಕ್ಕು ಅನ್ವಯಿಸುವುದಿಲ್ಲ.

ಏನು ಕೇಳಬೇಕು ಅನ್ನುವುದೇ ಮುಖ್ಯ. ಪೇಷೆಂಟ್ ಪೋರ್ಟಲ್‌ನಿಂದ ಇಳಿಸಿಕೊಂಡ ‘ಭೇಟಿಯ ಸಾರಾಂಶ’ ನಂಬಿಕೊಂಡು ಕೂರಬೇಡಿ. ಅದರಲ್ಲಿ ಮಾತ್ರೆಯ ಹೆಸರು, ಮುಂದಿನ ಭೇಟಿಯ ದಿನ ಇರುತ್ತದೆ. ಮಂಡಿ ಎಷ್ಟು ಮಡಚುತ್ತದೆ, ವೈದ್ಯರಿಗೆ ಏನು ಕಂಡಿತು ಅನ್ನುವುದು ಹೆಚ್ಚಾಗಿ ಇರುವುದಿಲ್ಲ. ನಿಮಗೆ ಬೇಕಾದದ್ದು ವೈದ್ಯರ ಪೂರ್ಣ ಟಿಪ್ಪಣಿ, ಸ್ಕ್ಯಾನಿನ ವರದಿ, ಆಪರೇಷನ್ ವರದಿ, ಡಿಸ್ಚಾರ್ಜ್ ಸಾರಾಂಶ. ಇವುಗಳ ಹೆಸರನ್ನೇ ಬರೆದು ಕೇಳಿ. ಎಕ್ಸ್-ರೇ ಸಿಡಿ ತಂದು ವರದಿ ಮರೆಯುವವರೂ ಇದ್ದಾರೆ. ಓದುವವರಿಗೆ ಬೇಕಿರುವುದು ವರದಿ.

ಹಳೆಯ ಕ್ಲಿನಿಕ್ ಮುಚ್ಚಿದೆಯೇ? ವೈದ್ಯರ ಪರವಾನಗಿ ನೀಡುವ ರಾಜ್ಯದ ಮಂಡಳಿಯನ್ನು ವಿಚಾರಿಸಿ, ಫೈಲ್‌ಗಳನ್ನು ಯಾರಿಗೆ ಒಪ್ಪಿಸಿದರು ಅಂತ ಕೆಲವೊಮ್ಮೆ ಅಲ್ಲಿ ಗೊತ್ತಿರುತ್ತದೆ. ಔಷಧಿ ಅಂಗಡಿಯ ಪಟ್ಟಿ, ವಿಮೆ ಕಂಪನಿಯ ಬಿಲ್ಲಿನ ವಿವರ, ಕೆಲಸಕ್ಕೆ ಸೇರುವಾಗಿನ ತಪಾಸಣೆ ಕೂಡ ಸುಳಿವು ಕೊಡುತ್ತವೆ. ಎಷ್ಟು ವರ್ಷ ಫೈಲ್ ಇಡಬೇಕೆಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದ್ದರಿಂದ ಹಳೆಯ ಆಸ್ಪತ್ರೆಗೆ ಮೊದಲು ಬರೆಯಿರಿ, ಈಗಿನದಕ್ಕೆ ಆಮೇಲೆ. ಬೇರೆ ದೇಶದಲ್ಲಿ, ಬೇರೆ ಭಾಷೆಯಲ್ಲಿ ಬರೆದ ದಾಖಲೆ ಇದ್ದರೆ ಇಂಗ್ಲಿಷ್ ಅನುವಾದ ಜೊತೆಗಿಡಿ.

ಹಂತ 6: ನಂಟು ಹೇಳುವ ಪತ್ರ

ದಾಖಲೆಗಳು ಬಂದ ಮೇಲೆ ಮಾತ್ರ ವೈದ್ಯರ ಬಳಿ ಹೋಗಿ. ಮೊದಲೇ ಹೋದರೆ ಅವರು ನಿಮ್ಮ ಬಾಯಿಮಾತನ್ನು ನಂಬಿ ಬರೆಯಬೇಕಾಗುತ್ತದೆ, ಆ ಪತ್ರಕ್ಕೆ ತೂಕ ಕಡಿಮೆ. ಸೇವಾ ದಾಖಲೆ ಓದಿದ್ದೇನೆ, ಇಂಥ ದಿನದ ಇಂಥ ಗಾಯ ನೋಡಿದ್ದೇನೆ, ಈ ಕಾರಣಕ್ಕೆ ಈಗಿನ ರೋಗ ಅದರಿಂದ ಬಂದಿದೆ ಎಂದು ಅವರು ಬರೆಯಬೇಕು.

ಪದಗಳ ಬಗ್ಗೆ ಎಚ್ಚರ. ಸೇವೆಯಿಂದ ಬಂದಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ ಅನ್ನುವುದೇ ಅಳತೆಗೋಲು. ಇಂಗ್ಲಿಷಿನಲ್ಲಿ ‘ಅಟ್ ಲೀಸ್ಟ್ ಆಸ್ ಲೈಕ್ಲಿ ಆಸ್ ನಾಟ್’ ಎಂದು ಬರೆಯುತ್ತಾರೆ. ‘ಇರಬಹುದೇನೋ’ ಅನ್ನುವ ಪತ್ರವನ್ನು ಬರೀ ಊಹೆ ಅಂತ ಪಕ್ಕಕ್ಕಿಡುತ್ತಾರೆ. ಕಾರಣ ವಿವರಿಸದ ಒಂದು ಸಾಲಿನ ಪತ್ರದ ಗತಿಯೂ ಅಷ್ಟೇ.

ದಾಖಲೆ ಸಿಗದ ಕಡೆ ಜೊತೆಗಿದ್ದ ಸೈನಿಕರ ಹೇಳಿಕೆ ತನ್ನಿ, ಫಾರ್ಮ್ 21-10210. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಲಿ: ಎಲ್ಲಿ, ಯಾವಾಗ, ಹೇಗೆ ಬಿದ್ದರು, ಆಮೇಲೆ ಎಷ್ಟು ದಿನ ಕುಂಟಿದರು. ರೋಗದ ಹೆಸರು ಅವರು ಹೇಳಬೇಕಾಗಿಲ್ಲ. ಹೆಂಡತಿಯೋ ಗಂಡನೋ ಬಿಡುಗಡೆಯ ನಂತರ ಮನೆಯಲ್ಲಿ ಕಂಡದ್ದನ್ನು ಬರೆಯಬಹುದು.

ಹಂತ 7: ಕಳಿಸುವ ಮುನ್ನ ಪ್ರತಿ ಪುಟ ನೀವೇ ಓದಿ

ಇದನ್ನು ಬಿಡುವವರೇ ಜಾಸ್ತಿ. ನಿಮ್ಮ ದಾಖಲೆಯಲ್ಲಿ ನಿಮ್ಮ ವಿರುದ್ಧದ ಸಾಲು ಇರಬಹುದು, ಅದನ್ನು ಮೊದಲು ನೀವು ನೋಡಬೇಕು. ಎಡ ಮಂಡಿ ಅಂತ ಬರೆಯುವ ಕಡೆ ಬಲ ಎಂದು ಬಿದ್ದಿರುತ್ತದೆ. ‘ಆರು ತಿಂಗಳಿಂದ ನೋವು’ ಎಂದಿರುತ್ತದೆ, ನಿಜಕ್ಕೂ ಹದಿನೈದು ವರ್ಷವಾಗಿರುತ್ತದೆ. ಹೊರಬರುವಾಗಿನ ತಪಾಸಣೆಯಲ್ಲಿ ಬೇಗ ಮನೆಗೆ ಹೋಗುವ ಆತುರಕ್ಕೆ ಎಲ್ಲದಕ್ಕೂ ‘ತೊಂದರೆ ಇಲ್ಲ’ ಅಂತ ಗುರುತು ಹಾಕಿರುತ್ತೀರಿ. ಹಾಗೆ ಮಾಡದವರು ಕಡಿಮೆ, ಅಲ್ವಾ?

ತಪ್ಪು ಬರೆದಿದ್ದರೆ ತಿದ್ದಲು ಆಸ್ಪತ್ರೆಗೆ ಲಿಖಿತವಾಗಿ ಕೇಳುವ ಹಕ್ಕು ಹಿಪಾದಲ್ಲೇ ಇದೆ. ತಪ್ಪಲ್ಲದ ಆದರೆ ಕಷ್ಟದ ಸಾಲಿದ್ದರೆ ಮುಚ್ಚಿಡಬೇಡಿ. ಆ ಪುಟ ತೆಗೆದು ಉಳಿದದ್ದು ಕಳಿಸಿದರೆ ಪುಟದ ಸಂಖ್ಯೆಯೇ ಹೇಳಿಬಿಡುತ್ತದೆ, ಮೇಲಾಗಿ ಸೇನೆಯ ಫೈಲ್ ಹೇಗೂ ಅವರ ಕೈಗೆ ಹೋಗುತ್ತದೆ. ಆ ದಿನ ಯಾಕೆ ಹಾಗೆ ಹೇಳಿದಿರಿ ಅಂತ ನಿಮ್ಮ ಹೇಳಿಕೆಯಲ್ಲಿ ನೇರವಾಗಿ ಬರೆಯಿರಿ. ಪುಟದ ಮೇಲೆ ಪೆನ್ನು ಮಾತ್ರ ಇಡಬೇಡಿ.

ಹಂತ 8: ಜೋಡಿಸಿ ಕಳಿಸುವುದು

ಒಂದೊಂದು ತೊಂದರೆಗೂ ಒಂದೊಂದು ಪಿಡಿಎಫ್. ಹೆಸರಿನಲ್ಲೇ ವಿಷಯ ಗೊತ್ತಾಗಲಿ: ‘ಬಲ ಮಂಡಿ, ಸೇವಾ ದಾಖಲೆ’. ಮೊದಲ ಪುಟ ನಿಮ್ಮದೇ ಸೂಚಿ. ಯಾವ ಪುಟದಲ್ಲಿ ರೋಗದ ಹೆಸರು, ಯಾವುದರಲ್ಲಿ ಸೇವೆಯ ಗಾಯ, ಯಾವುದರಲ್ಲಿ ನಂಟು. ಹಂತ 2ರಲ್ಲಿ ಬರೆದ ಮೂರು ಸಾಲು ಇಲ್ಲಿ ಹಾಗೇ ಕೆಲಸಕ್ಕೆ ಬರುತ್ತದೆ. ನಾನೂರು ಪುಟದಲ್ಲಿ ಇಪ್ಪತ್ತು ಪುಟ ಮಾತ್ರ ಮಂಡಿಯದ್ದಾದರೆ ಆ ಇಪ್ಪತ್ತನ್ನು ಮುಂದಿಡಿ.

ಮೂಲ ಪ್ರತಿ ಕಳಿಸಬೇಡಿ. ಬಣ್ಣದ ಹೈಲೈಟರ್ ಬಳಸಬೇಡಿ, ಕಪ್ಪು-ಬಿಳುಪು ಸ್ಕ್ಯಾನಿನಲ್ಲಿ ಅದು ಕಪ್ಪು ಪಟ್ಟಿಯಾಗಿ ಅಕ್ಷರವನ್ನೇ ನುಂಗುತ್ತದೆ. ಆಸ್ಪತ್ರೆ ಕೊಟ್ಟ ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದರೆ ತೆಗೆದು ಕಳಿಸಿ. ಸಾಧ್ಯವಾದಷ್ಟೂ ವೆಬ್‌ಸೈಟಿನಲ್ಲೇ ಏರಿಸಿ. ಅಂಚೆಯಲ್ಲಾದರೆ ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್‌ನಲ್ಲಿರುವ ಕೇಂದ್ರಕ್ಕೆ, ತಲುಪಿದ ರಸೀದಿಯೊಂದಿಗೆ.

ಈ ಗುರುತು ಕಂಡರೆ ನಿಲ್ಲಿ

‘ನಿಮ್ಮ ಕ್ಲೇಮ್ ನಾವು ಮಾಡಿಸಿಕೊಡುತ್ತೇವೆ, ಹೆಚ್ಚುವ ಹಣದಲ್ಲಿ ಇಷ್ಟು ಪಾಲು ಕೊಡಿ’ ಅನ್ನುವ ಕರೆ ಬಂದರೆ ಫೋನ್ ಇಡಿ. ಮೊದಲ ಕ್ಲೇಮ್ ಸಿದ್ಧಪಡಿಸಲು ಹಣ ಪಡೆಯುವುದು ಕೇಂದ್ರ ಕಾನೂನಿನಲ್ಲಿ ಸಲ್ಲದು. ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಸ್ಥೆಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಪುಕ್ಕಟೆಯಾಗಿ ಮಾಡಿಕೊಡುತ್ತಾರೆ. ಯಾರಿಗೆ ಮಾನ್ಯತೆ ಇದೆ ಎಂದು ವಿಎ ತಾಣದಲ್ಲೇ ಹೆಸರು ಹಾಕಿ ನೋಡಬಹುದು. ನಿಮ್ಮನ್ನು ಮುಟ್ಟಿ ನೋಡದೆ, ಫೈಲ್ ಓದದೆ, ಹಣ ತೆಗೆದುಕೊಂಡು ಪತ್ರ ಬರೆದುಕೊಡುವ ‘ನೆಕ್ಸಸ್’ ಕಂಪನಿಗಳದ್ದೂ ಇದೇ ಜಾತಿ. ಹತ್ತು ಜನರಿಗೆ ಅದೇ ವಾಕ್ಯ, ಹೆಸರು ಮಾತ್ರ ಬೇರೆ.

ಕೋರಿಕೆ ಹಾಕಿ 30 ದಿನ ದಾಟಿದರೂ ಆಸ್ಪತ್ರೆಯಿಂದ ಸದ್ದಿಲ್ಲವೇ? ಮರುದಿನವೇ ಫೋನ್ ಮಾಡಿ. ಬಂದ ಫೈಲಿನಲ್ಲಿ ನಡುವೆ ಎರಡು ಮೂರು ವರ್ಷ ಏನೂ ಇಲ್ಲವೇ? ಆ ವರ್ಷಗಳ ನೆಲೆಯ ಹೆಸರು ಕೊಟ್ಟು ಮತ್ತೆ ಕೇಳಿ. ವಿಎಯಿಂದ ದಾಖಲೆ ಕೇಳುವ ಪತ್ರ ಬಂದರೆ ಅದರಲ್ಲಿರುವ ಗಡುವನ್ನು ಅವತ್ತೇ ನೋಡಿ. ವಿಎ ಏರ್ಪಡಿಸುವ ತಪಾಸಣೆ ತಪ್ಪಿಸಿದರೆ ಇಷ್ಟು ದಿನ ಕೂಡಿಸಿದ್ದು ನೀರಲ್ಲಿ ಹೋಮ ಮಾಡಿದಂತಾಗಬಹುದು.

ಅಷ್ಟಾದರೂ ತಿರಸ್ಕಾರ ಬಂದರೆ ಪತ್ರದ ತಾರೀಖಿನಿಂದ ಒಂದು ವರ್ಷ ಇದೆ. ಮೂರರಲ್ಲಿ ಯಾವ ಸಾಲು ಖಾಲಿ ಎಂದು ಆ ಪತ್ರದಲ್ಲೇ ಬರೆದಿರುತ್ತದೆ. ಹೊಸ ಕಾಗದ ಸಿಕ್ಕಿದ್ದರೆ ಸಪ್ಲಿಮೆಂಟಲ್ ಕ್ಲೇಮ್, ಫಾರ್ಮ್ 20-0995. ಇದ್ದ ಕಾಗದವನ್ನೇ ಸರಿಯಾಗಿ ಓದಿಲ್ಲ ಅನ್ನಿಸಿದರೆ ಹೈಯರ್ ಲೆವೆಲ್ ರಿವ್ಯೂ, ಫಾರ್ಮ್ 20-0996. ಎರಡನೆಯದರಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. ಕೈಯಲ್ಲಿ ಹೊಸ ದಾಖಲೆ ಹಿಡಿದುಕೊಂಡೇ ಈ ದಾರಿ ಹಿಡಿದು ಮತ್ತೆ ಸೋಲುವವರಿದ್ದಾರೆ, ನೋಡಿ ಆರಿಸಿ.